ಕೇಕೊನನ್ನು ಕಡಲಿಗೆ ಬಿಟ್ಟ ಕಥೆ: ‘ಫ್ರೀ ವಿಲ್ಲಿ’ ಸಿನಿಮಾ ಮುಗಿದ ಮೇಲೆ ನಡೆದದ್ದು

1993ರಲ್ಲಿ ತೆರೆಗೆ ಬಂದ ‘ಫ್ರೀ ವಿಲ್ಲಿ’ ನೋಡಿದವರು ಅದರ ಕೊನೆಯ ದೃಶ್ಯವನ್ನು ಮರೆಯುವುದಿಲ್ಲ. ಅಲೆಗೆ ಅಡ್ಡವಾಗಿ ಹಾಕಿದ ಬಂಡೆಗಳ ತುದಿಯಲ್ಲಿ ಜೆಸ್ಸಿ ಎಂಬ ಹುಡುಗ ಕೈ ಮೇಲೆತ್ತಿ ನಿಂತಿದ್ದಾನೆ. ವಿಲ್ಲಿ ಎಂಬ ಭಾರೀ ಓರ್ಕಾ (ಕೊಲೆಗಾರ ತಿಮಿಂಗಿಲ ಅಂತಲೂ ಕರೆಯುವ ಕಡಲ ಪ್ರಾಣಿ) ನೀರಿನಿಂದ ಚಿಮ್ಮಿ, ಹುಡುಗನ ತಲೆ ಮೇಲಿಂದ ಹಾರಿ, ಆಚೆಯ ತೆರೆದ ಕಡಲಿಗೆ ಬೀಳುತ್ತದೆ. ತಾಯಿ ಬಿಟ್ಟುಹೋದ ಹುಡುಗ, ಬಳಗದಿಂದ ಕಿತ್ತು ತಂದ ಪ್ರಾಣಿ, ವಿಮೆ ಹಣಕ್ಕಾಗಿ ಅದನ್ನು ಕೊಲ್ಲಲೂ ಹೇಸದ ಮಾಲೀಕರು. ಕಥೆ ಸರಳ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಬಹುದಾದ ಒಳ್ಳೆಯ ಸಿನಿಮಾ. ಜಗತ್ತಿನಾದ್ಯಂತ 15 ಕೋಟಿ ಡಾಲರಿಗೂ ಜಾಸ್ತಿ ಗಳಿಸಿತು.

ಆ ಜಿಗಿತವನ್ನು ಯಾವ ಪ್ರಾಣಿಯೂ ಜಿಗಿದಿರಲಿಲ್ಲ. ಅದನ್ನು ಕಂಪ್ಯೂಟರಿನಲ್ಲಿ ಮಾಡಿದ್ದರು. ಸಿನಿಮಾದಲ್ಲಿ ಓರ್ಕಾ ಕಾಣುವ ದೃಶ್ಯಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಯಂತ್ರದ ಗೊಂಬೆ ಬಳಸಿದ್ದರು. ಉಳಿದ ದೃಶ್ಯಗಳಲ್ಲಿ ನಿಜವಾದ ಓರ್ಕಾ ಇತ್ತು. ಅದರ ಹೆಸರು ಕೇಕೊ. ಥಿಯೇಟರುಗಳಲ್ಲಿ ಮಕ್ಕಳು ವಿಲ್ಲಿಗೆ ಚಪ್ಪಾಳೆ ತಟ್ಟುತ್ತಿದ್ದಾಗ ಕೇಕೊ ಮೆಕ್ಸಿಕೊ ಸಿಟಿಯ ಒಂದು ಮನರಂಜನಾ ಪಾರ್ಕಿನ ಕೊಳದಲ್ಲೇ ಇದ್ದ. ಕಡಲಿಗೆ ನೂರಾರು ಕಿಲೋಮೀಟರ್ ದೂರ, ಎರಡು ಸಾವಿರ ಮೀಟರಿಗಿಂತ ಎತ್ತರದ ಊರು ಅದು.

ಆಮೇಲೆ ಅವನನ್ನು ನಿಜಕ್ಕೂ ಬಿಡುಗಡೆ ಮಾಡಲು ಹೊರಟರು. ಅದಕ್ಕೆ ವರ್ಷಗಟ್ಟಲೆ ಸಮಯ ಹಿಡಿಯಿತು, ಸುಮಾರು 2 ಕೋಟಿ ಡಾಲರ್ ಖರ್ಚಾಯಿತು. ಹಿಡಿದು ಸಾಕಿದ ಕಾಡುಪ್ರಾಣಿಯನ್ನು ವಾಪಸ್ ಬಿಡುವುದು ಯಾಕಿಷ್ಟು ಕಷ್ಟ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಯಾಕೆಂದರೆ ಇಲ್ಲಿ ದುಡ್ಡಿನ ಕೊರತೆ ಬಹುಕಾಲ ಇರಲಿಲ್ಲ, ಮನಸ್ಸಿನ ಕೊರತೆಯಂತೂ ಇರಲೇ ಇಲ್ಲ. ಇಷ್ಟಿದ್ದೂ ಸಿನಿಮಾದಲ್ಲಿ ಆದಂತೆ ಆಗಲಿಲ್ಲ.

ಎರಡು ವರ್ಷದ ಮರಿ

ಓರ್ಕಾ ಅಂದರೆ ಡಾಲ್ಫಿನ್ ಕುಟುಂಬದಲ್ಲೇ ಅತಿ ದೊಡ್ಡ ಪ್ರಾಣಿ. ಬಲಿತ ಗಂಡು 6 ಟನ್ ತೂಗಬಹುದು. ಅದರ ಬೆನ್ನಿನ ರೆಕ್ಕೆಯೇ ಒಬ್ಬ ಆಳಿನಷ್ಟು ಎತ್ತರ ಇರುತ್ತದೆ. 1960ರ ದಶಕದಿಂದ ಅಮೆರಿಕ, ಕೆನಡಾದ ಪಶ್ಚಿಮ ಕರಾವಳಿಯಲ್ಲಿ ಇವುಗಳನ್ನು ಬಲೆ ಹಾಕಿ ಹಿಡಿದು ಅಕ್ವೇರಿಯಮ್ಮುಗಳಿಗೆ ಮಾರುವ ದಂಧೆ ಶುರುವಾಯಿತು. ಹಿಡಿಯುತ್ತಿದ್ದದ್ದು ಮುಖ್ಯವಾಗಿ ಮರಿಗಳನ್ನು. ಸಾಗಿಸಲು ಸುಲಭ, ಪಳಗಿಸಲೂ ಸುಲಭ. 1976ರಲ್ಲಿ ವಾಷಿಂಗ್ಟನ್ ರಾಜ್ಯದ ಜನ ಸಿಡಿದೆದ್ದರು, ವಿಷಯ ಕೋರ್ಟಿಗೆ ಹೋಯಿತು, ಅಲ್ಲಿ ಓರ್ಕಾ ಹಿಡಿಯುವುದು ನಿಂತಿತು. ಆಗ ಹಿಡಿಯುವವರು ಐಸ್‌ಲ್ಯಾಂಡಿನ ಕಡೆ ತಿರುಗಿದರು.

ಅಲ್ಲಿನ ಓರ್ಕಾಗಳು ಹೆರಿಂಗ್ ಮೀನಿನ ಹಿಂದೆ ತಿರುಗುತ್ತವೆ. ಹೆರಿಂಗ್ ಅಂದರೆ ನಮ್ಮ ಕರಾವಳಿಯ ಬೂತಾಯಿಯ ಹತ್ತಿರದ ನೆಂಟ. ಅದನ್ನು ಹಿಡಿಯುವುದೂ ನಮ್ಮವರು ಬೂತಾಯಿ, ಬಂಗುಡೆ ಹಿಡಿಯುವ ಪರ್ಸೀನ್ ಬಲೆಯಂಥದ್ದರಲ್ಲೇ. ಮೀನಿನ ಹಿಂಡನ್ನು ಸುತ್ತುವರಿದು ಬಲೆ ಹಾಕುತ್ತಾರೆ, ಆಮೇಲೆ ಕೆಳಗಿನ ಹಗ್ಗ ಎಳೆದು ಬುಡ ಮುಚ್ಚುತ್ತಾರೆ. ಮೀನಿನ ಜೊತೆ ಓರ್ಕಾನೂ ಒಳಗೆ ಸಿಗುತ್ತದೆ. 1979ರಲ್ಲಿ ಕೇಕೊ ಸಿಕ್ಕಿಬಿದ್ದಾಗ ಅವನಿಗೆ ಸುಮಾರು 2 ವರ್ಷ.

ಈ ಎರಡು ವರ್ಷ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮುಂದಿನ ಎಲ್ಲವೂ ನಿಂತಿರುವುದು ಇದರ ಮೇಲೆ.

ಮೊದಲು ಐಸ್‌ಲ್ಯಾಂಡಿನಲ್ಲೇ ಒಂದು ಅಕ್ವೇರಿಯಮ್ಮಿನಲ್ಲಿ ಇಟ್ಟರು. 1982ರಲ್ಲಿ ಕೆನಡಾದ ನಯಾಗರ ಫಾಲ್ಸಿನ ಒಂದು ಪಾರ್ಕಿಗೆ ಮಾರಿದರು. ಅಲ್ಲೇ ಅವನ ಚರ್ಮದ ಮೇಲೆ ಗಂಟುಗಳು ಕಾಣಿಸಿಕೊಳ್ಳಲು ಶುರುವಾದವು. 1985ರಲ್ಲಿ ಮೂರೂವರೆ ಲಕ್ಷ ಡಾಲರಿಗೆ ಮೆಕ್ಸಿಕೊ ಸಿಟಿಯ ರೇನೊ ಅವೆಂತುರಾ ಪಾರ್ಕಿಗೆ ಹೋದ. ಅಲ್ಲಿನ ಕೊಳ ಅವನಿಗೆ ಸಾಲುತ್ತಿರಲಿಲ್ಲ. ನೀರು ಬೆಚ್ಚಗಿತ್ತು. ಊರಿನ ನೀರಿಗೇ ಉಪ್ಪು ಬೆರೆಸಿ ಕಡಲಿನ ನೀರಿನಂತೆ ಮಾಡುತ್ತಿದ್ದರು. ತಣ್ಣನೆಯ ಉತ್ತರದ ಕಡಲಿನ ಪ್ರಾಣಿ ಹತ್ತು ವರ್ಷ ಆ ನೀರಿನಲ್ಲಿ ಸುತ್ತಿತು. ಜೊತೆಗೆ ಇನ್ನೊಂದು ಓರ್ಕಾ ಇರಲಿಲ್ಲ. ಇದ್ದ ಡಾಲ್ಫಿನ್‌ಗಳೇ ಜೊತೆ.

ಸಿನಿಮಾದ ವಿಲ್ಲಿಯನ್ನು ಸರಿಯಾಗಿ ನೋಡಿ. ಅವನ ಬೆನ್ನಿನ ರೆಕ್ಕೆ ಒಂದು ಕಡೆಗೆ ಮಡಚಿ ಬಿದ್ದಿದೆ. ಅದು ಮೇಕಪ್ ಅಲ್ಲ. ಆ ರೆಕ್ಕೆಯಲ್ಲಿ ಮೂಳೆ ಇರುವುದಿಲ್ಲ, ಗಟ್ಟಿ ನಾರಿನಂಥ ಅಂಗಾಂಶ ಮಾತ್ರ. ಕೊಳದಲ್ಲಿ ಬೆಳೆದ ಬಲಿತ ಗಂಡುಗಳಲ್ಲಿ ಹೆಚ್ಚುಕಡಿಮೆ ಎಲ್ಲಕ್ಕೂ ಅದು ಹೀಗೆ ಬೀಳುತ್ತದೆ. ಕಡಲಿನಲ್ಲಿ ಇರುವವುಗಳಲ್ಲಿ ಇದು ಅಪರೂಪ. ಆಳಕ್ಕೆ ಇಳಿಯದೆ, ನೇರವಾಗಿ ದೂರ ಈಜದೆ, ದಿನವಿಡೀ ಮೇಲ್ಮೈಯಲ್ಲೇ ಸಣ್ಣ ಸುತ್ತು ಹಾಕುವುದೇ ಇದಕ್ಕೆ ಕಾರಣವಿರಬೇಕು ಅಂತ ತಿಳಿದವರು ಹೇಳುತ್ತಾರೆ. ಸಿನಿಮಾ ಬಾಯಿಬಿಟ್ಟು ಹೇಳದ ಸತ್ಯವನ್ನು ಆ ರೆಕ್ಕೆ ಪ್ರತಿ ದೃಶ್ಯದಲ್ಲೂ ಹೇಳುತ್ತಿತ್ತು.

ಮಕ್ಕಳು ಫೋನ್ ಮಾಡಿದರು

ಸಿನಿಮಾದ ಕೊನೆಯಲ್ಲಿ ಒಂದು ಫೋನ್ ನಂಬರ್ ಹಾಕಿದ್ದರು. ತಿಮಿಂಗಿಲಗಳನ್ನು ಉಳಿಸಬೇಕು ಅನ್ನಿಸಿದರೆ ಕರೆ ಮಾಡಿ ಅಂತ. ಅರ್ಥ್ ಐಲ್ಯಾಂಡ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಅದನ್ನು ನೋಡಿಕೊಳ್ಳುತ್ತಿತ್ತು. ಕರೆಗಳು ಬಂದದ್ದು ಯಾರೂ ಊಹಿಸದಷ್ಟು. ಅಷ್ಟರಲ್ಲಿ ‘ಲೈಫ್’ ಪತ್ರಿಕೆ ಕೇಕೊನ ನಿಜ ಸ್ಥಿತಿ ಬರೆಯಿತು. ವಿಲ್ಲಿಯನ್ನು ಬಿಡಿಸಿದವರು ಕೇಕೊನನ್ನು ಯಾಕೆ ಬಿಡಿಸಲಿಲ್ಲ ಅಂತ ಮಕ್ಕಳು ಕೇಳಿದರು. ಪತ್ರ ಬರೆದರು, ಪುಡಿಗಾಸು ಕೂಡಿಸಿ ಕಳಿಸಿದರು. ಮಕ್ಕಳ ಈ ಪ್ರಶ್ನೆಗೆ ಸ್ಟುಡಿಯೊ ಬಳಿ ಉತ್ತರ ಇರಲಿಲ್ಲ. ಸಿನಿಮಾ ಮಾಡಿದ ವಾರ್ನರ್ ಬ್ರದರ್ಸ್ ಹಣ ಕೊಟ್ಟಿತು. ಮೊಬೈಲ್ ಉದ್ಯಮದಲ್ಲಿ ದುಡ್ಡು ಮಾಡಿದ ಕ್ರೇಗ್ ಮಕಾವ್ ದೊಡ್ಡ ಮೊತ್ತ ಕೊಟ್ಟರು. ಕೇಕೊನ ಹೆಸರಿನಲ್ಲೇ ಒಂದು ಪ್ರತಿಷ್ಠಾನ ಹುಟ್ಟಿತು. ಮೆಕ್ಸಿಕೊದ ಪಾರ್ಕು ಅವನನ್ನು ದುಡ್ಡು ತೆಗೆದುಕೊಳ್ಳದೆ ಬಿಟ್ಟುಕೊಟ್ಟಿತು.

1996ರ ಜನವರಿಯಲ್ಲಿ ಹರ್ಕ್ಯುಲಿಸ್ ವಿಮಾನದಲ್ಲಿ ಅವನನ್ನು ಅಮೆರಿಕದ ಆರೆಗಾನ್ ರಾಜ್ಯದ ನ್ಯೂಪೋರ್ಟಿಗೆ ತಂದರು. ಮೆಕ್ಸಿಕೊ ಸಿಟಿಯಲ್ಲಿ ಅವನ ಲಾರಿ ಹೊರಟಾಗ ರಾತ್ರಿಯಲ್ಲೂ ಜನ ಬೀದಿಯುದ್ದಕ್ಕೂ ನಿಂತಿದ್ದರು. ಅವರಿಗೂ ಅವನು ತಮ್ಮವನೇ ಆಗಿದ್ದ. ನ್ಯೂಪೋರ್ಟಿನಲ್ಲಿ 70 ಲಕ್ಷ ಡಾಲರಿಗೂ ಜಾಸ್ತಿ ಖರ್ಚು ಮಾಡಿ ಅವನಿಗೆಂದೇ ಹೊಸ ಕೊಳ ಕಟ್ಟಿದ್ದರು. ಪಕ್ಕದ ಕೊಲ್ಲಿಯಿಂದ ತಣ್ಣನೆಯ ನಿಜವಾದ ಕಡಲ ನೀರು ತುಂಬಿಸುತ್ತಿದ್ದರು. ಬಂದಾಗ ಅವನ ತೂಕ ಸುಮಾರು 3500 ಕಿಲೊ. ಆ ಉದ್ದದ ಗಂಡಿಗೆ ಅದು ತೀರಾ ಕಡಿಮೆ. ಎರಡೂವರೆ ವರ್ಷದಲ್ಲಿ 900 ಕಿಲೊದಷ್ಟು ಮೈ ತುಂಬಿಕೊಂಡ. ಚರ್ಮದ ಗಂಟುಗಳು ಹೋದವು. ಸತ್ತ ಮೀನು ಬಿಟ್ಟರೆ ಬೇರೇನೂ ಗೊತ್ತಿರದವನಿಗೆ ಜೀವಂತ ಮೀನು ಹಿಡಿಯುವುದನ್ನು ಕಲಿಸಿದರು.

ದೇಹ ಗುಣವಾಯಿತು. ಈ ಭಾಗವನ್ನು ಮನುಷ್ಯರು ಚೆನ್ನಾಗಿ ಮಾಡಬಲ್ಲರು. ಒಳ್ಳೆಯ ನೀರು, ಒಳ್ಳೆಯ ಆಹಾರ, ಒಳ್ಳೆಯ ವೈದ್ಯರು ಇದ್ದರೆ ಆಗುವ ಕೆಲಸ ಅದು. 1998ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಯುಪಡೆಯ ಸಿ-17 ವಿಮಾನದಲ್ಲಿ ಕೇಕೊ ಐಸ್‌ಲ್ಯಾಂಡಿಗೆ, ವೆಸ್ಟ್‌ಮನ್ ದ್ವೀಪಗಳ ಕ್ಲೆಟ್ಸ್‌ವಿಕ್ ಎಂಬ ಪುಟ್ಟ ಕೊಲ್ಲಿಗೆ ಬಂದ. ಹತ್ತೊಂಬತ್ತು ವರ್ಷದ ಮೇಲೆ ಹುಟ್ಟಿದ ಕಡಲಿನ ನೀರು ಅವನ ಮೈಗೆ ತಾಗಿತು.

ಕಷ್ಟ ನಿಜವಾಗಿ ಶುರುವಾದದ್ದು ಇಲ್ಲಿ.

ಓರ್ಕಾ ಒಂಟಿಯಾಗಿ ಓರ್ಕಾ ಆಗುವುದಿಲ್ಲ

ಹುಲಿಯೊಂದು ತಾಯಿಯ ಜೊತೆ ಎರಡು ವರ್ಷ ಇದ್ದು ಬೇಟೆ ಕಲಿತರೆ ಸಾಕು, ಮುಂದೆ ಒಂಟಿಯಾಗಿ ಬದುಕುತ್ತದೆ. ಓರ್ಕಾದ ಲೆಕ್ಕ ಬೇರೆ. ಕೆನಡಾದ ಸಂಶೋಧಕ ಮೈಕೆಲ್ ಬಿಗ್ 1970ರ ದಶಕದಲ್ಲಿ ಬೆನ್ನಿನ ರೆಕ್ಕೆ ಮತ್ತು ಅದರ ಹಿಂದಿನ ಬಿಳಿ ಮಚ್ಚೆಯ ಫೋಟೊಗಳಿಂದ ಒಂದೊಂದು ಓರ್ಕಾವನ್ನೂ ಗುರುತು ಹಿಡಿಯುವ ವಿಧಾನ ಶುರುಮಾಡಿದರು. ವರ್ಷವರ್ಷವೂ ಅದೇ ಕುಟುಂಬಗಳನ್ನು ನೋಡುತ್ತಾ ಹೋದಾಗ ಒಂದು ವಿಷಯ ಗೊತ್ತಾಯಿತು. ಆ ಕರಾವಳಿಯ ಮೀನು ತಿನ್ನುವ ಓರ್ಕಾಗಳಲ್ಲಿ ಮಕ್ಕಳು ತಾಯಿಯನ್ನು ಬಿಟ್ಟು ಹೋಗುವುದೇ ಇಲ್ಲ. ಹೆಣ್ಣಷ್ಟೇ ಅಲ್ಲ, ಗಂಡೂ ಸಾಯುವವರೆಗೆ ಅಮ್ಮನ ಜೊತೆಗೇ ಇರುತ್ತದೆ. 2012ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, 30 ವರ್ಷ ದಾಟಿದ ಗಂಡಿನ ತಾಯಿ ಸತ್ತರೆ ಮುಂದಿನ ಒಂದು ವರ್ಷದಲ್ಲಿ ಆ ಗಂಡು ಸಾಯುವ ಸಾಧ್ಯತೆ 14 ಪಟ್ಟು ಹೆಚ್ಚುತ್ತದೆ. ಮೂವತ್ತು ವರ್ಷದ, ಐದಾರು ಟನ್ನಿನ ಗಂಡಿಗೂ ಅಮ್ಮ ಬೇಕು ಅಲ್ವಾ ಅಂತ ಆಶ್ಚರ್ಯ ಆಗುತ್ತದೆ. ತಾಯಂದಿರು ಹಿಡಿದ ಮೀನನ್ನು ಗಂಡುಮಕ್ಕಳ ಜೊತೆ ಹಂಚಿಕೊಳ್ಳುವುದನ್ನು ಸಂಶೋಧಕರು ಮತ್ತೆಮತ್ತೆ ನೋಡಿದ್ದಾರೆ.

ಪ್ರತಿ ಬಳಗಕ್ಕೂ ಅದರದ್ದೇ ಕೂಗುಗಳಿವೆ. ನಮ್ಮಲ್ಲಿ ಧಾರವಾಡದ ಮಾತು, ಕುಂದಾಪುರದ ಮಾತು ಕೇಳಿದ ಕೂಡಲೇ ಊರು ಗೊತ್ತಾಗುವಂತೆ, ನೀರಿನೊಳಗೆ ಮೈಕ್ ಇಳಿಸಿ ಕೇಳಿದರೆ ಯಾವ ಬಳಗ ಅಂತ ಹೇಳಬಲ್ಲವರಿದ್ದಾರೆ. ಮರಿಗಳು ಇದನ್ನು ಹುಟ್ಟುತ್ತಾ ತರುವುದಿಲ್ಲ, ಅಮ್ಮನ ಪಕ್ಕದಲ್ಲಿ ಈಜುತ್ತಾ ಕಲಿಯುತ್ತವೆ.

ಬೇಟೆಯೂ ಹಾಗೇ. ಹೆರಿಂಗ್ ತಿನ್ನುವ ಓರ್ಕಾಗಳ ಬೇಟೆಯನ್ನು ವಿಡಿಯೊದಲ್ಲಿ ನೋಡಬೇಕು. ಒಂದಿಷ್ಟು ಓರ್ಕಾಗಳು ಮೀನಿನ ಹಿಂಡಿನ ಸುತ್ತ ಸುತ್ತುತ್ತವೆ. ಹೊಟ್ಟೆಯ ಬಿಳಿ ಭಾಗವನ್ನು ಮೀನಿನ ಕಡೆ ತಿರುಗಿಸಿ ಬೆದರಿಸುತ್ತವೆ, ಗುಳ್ಳೆ ಬಿಡುತ್ತವೆ. ಹೆದರಿದ ಹೆರಿಂಗ್ ಒತ್ತೊತ್ತಾಗಿ ಒಂದು ದೊಡ್ಡ ಉಂಡೆಯಾಗುತ್ತದೆ. ಆ ಉಂಡೆಯನ್ನು ಮೇಲ್ಮೈ ಕಡೆಗೆ ತಳ್ಳುತ್ತವೆ. ಆಮೇಲೆ ಒಂದು ಓರ್ಕಾ ತಿರುಗಿ ಬಾಲದಿಂದ ಬಲವಾಗಿ ಹೊಡೆಯುತ್ತದೆ. ಏಟಿಗೆ ಸಿಕ್ಕ ಮೀನುಗಳು ಮಂಕಾಗಿ ತೇಲುತ್ತವೆ. ಅವನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತವೆ. ಒಬ್ಬರು ಹೊಡೆಯುವಾಗ ಉಳಿದವರು ಉಂಡೆ ಚದುರದಂತೆ ಕಾಯುತ್ತಾರೆ. ಇದು ಒಬ್ಬರಿಂದ ಆಗುವ ಕೆಲಸವೇ ಅಲ್ಲ.

ಕೇಕೊಗೆ ಇದರಲ್ಲಿ ಯಾವುದೂ ಬರುತ್ತಿರಲಿಲ್ಲ. ಬರಲು ಅವನು ಕಲಿತದ್ದಾದರೂ ಯಾವಾಗ? ಅವನ ಬಳಗ ಯಾವುದು, ತಾಯಿ ಬದುಕಿದ್ದಾಳೆಯೇ ಅನ್ನುವುದೂ ಯಾರಿಗೂ ಗೊತ್ತಿರಲಿಲ್ಲ. 1979ರಲ್ಲಿ ಹಿಡಿದವರಿಗೆ ಬೇಕಿದ್ದದ್ದು ಮರಿ ಮಾತ್ರ.

ಐಸ್‌ಲ್ಯಾಂಡಿನಲ್ಲಿ ತರಬೇತುದಾರರು ಮಾಡಬೇಕಾಗಿದ್ದ ಕೆಲಸ ವಿಚಿತ್ರವಾಗಿತ್ತು. ಇಪ್ಪತ್ತು ವರ್ಷ ಅವನಿಗೆ ಕಲಿಸಿದ್ದು ಮನುಷ್ಯರ ಕಡೆ ನೋಡು, ಅವರ ಕೈ ಹೇಳಿದಂತೆ ಮಾಡು, ಮೀನು ಸಿಗುತ್ತದೆ ಅಂತ. ಈಗ ಅದನ್ನು ಮರೆಸಬೇಕಿತ್ತು. ಸುಮ್ನೆ ಮುದ್ದು ಮಾಡುವುದು, ಆಟ ಆಡಿಸುವುದು ಎಲ್ಲ ಕಡಿಮೆ ಮಾಡಿದರು. ಮೊದಲು ಬಲೆ ಹಾಕಿದ ಆವರಣ, ಆಮೇಲೆ ಬಲೆ ಕಟ್ಟಿ ಮುಚ್ಚಿದ ಇಡೀ ಕೊಲ್ಲಿ, 2000ದಿಂದ ಹೊರಗಿನ ಕಡಲಿಗೆ ದೋಣಿಯ ಹಿಂದೆ ಸುತ್ತಾಟ. ಬೆನ್ನಿನ ರೆಕ್ಕೆಗೆ ಟ್ರಾನ್ಸ್‌ಮಿಟರ್ ಕಟ್ಟಿದರು. ಮೂರು ಬೇಸಿಗೆ ಅವನನ್ನು ಕಾಡು ಓರ್ಕಾಗಳು ಬರುವ ಜಾಗಕ್ಕೆ ಕರೆದುಕೊಂಡು ಹೋಗಿ, ದೋಣಿಯನ್ನು ದೂರ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕಾದರು.

ಆಗ ಏನಾಗುತ್ತಿತ್ತು ಅನ್ನುವುದನ್ನು ಸಂಶೋಧಕಿ ಮಲೀನೆ ಸೈಮನ್ ಮತ್ತು ಅವರ ಜೊತೆಗಾರರು 2009ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ದಾಖಲಿಸಿದ್ದಾರೆ. ಕೇಕೊ ಕಾಡು ಓರ್ಕಾಗಳ ಹತ್ತಿರ ಹೋಗುತ್ತಿದ್ದ. ಆದರೆ ಬಹುಪಾಲು ನೂರು, ಇನ್ನೂರು, ಮುನ್ನೂರು ಮೀಟರ್ ದೂರದಲ್ಲೇ ಉಳಿಯುತ್ತಿದ್ದ. ಅವು ಬೇಟೆಯಾಡುವಾಗ ಒಳಗೆ ಸೇರುತ್ತಿರಲಿಲ್ಲ. ನೀರಿನ ಮೇಲೆ ತೇಲುತ್ತಾ ಇದ್ದಾಗ ಅವನ ಮುಖ ದೋಣಿಯ ಕಡೆ ಇರುತ್ತಿತ್ತು. 2002ರ ಬೇಸಿಗೆಯಲ್ಲಿ ಅವನ ಹೊಟ್ಟೆಯಿಂದ ಮಾದರಿ ತೆಗೆದು ನೋಡಿದಾಗ ಮೀನು ಸಿಗಲಿಲ್ಲ.

ಮುನ್ನೂರು ಮೀಟರ್. ಈಜಿದರೆ ಒಂದು ನಿಮಿಷದ ದಾರಿಯೂ ಅಲ್ಲ. ಅದನ್ನು ದಾಟಿಸಲು ಎರಡು ಕೋಟಿ ಡಾಲರಿಗೂ ಆಗಲಿಲ್ಲ.

ನಾರ್ವೆಯ ಮಕ್ಕಳು

ಅಷ್ಟು ಹೊತ್ತಿಗೆ ಹಣವೂ ಕಡಿಮೆಯಾಗುತ್ತಾ ಬಂದಿತ್ತು. ಷೇರು ಮಾರುಕಟ್ಟೆ ಕುಸಿದು ಮಕಾವ್ ಹಿಂದೆ ಸರಿದರು. ಹ್ಯೂಮೇನ್ ಸೊಸೈಟಿ ಆಫ್ ದಿ ಯುನೈಟೆಡ್ ಸ್ಟೇಟ್ಸ್ ಸಂಸ್ಥೆ ಸಣ್ಣ ಬಜೆಟ್ಟಿನಲ್ಲಿ ಜವಾಬ್ದಾರಿ ತೆಗೆದುಕೊಂಡಿತು. 2002ರ ಆಗಸ್ಟಿನಲ್ಲಿ ಕೇಕೊ ಕಾಡು ಓರ್ಕಾಗಳಿದ್ದ ಕಡೆಯಿಂದ ಪೂರ್ವಕ್ಕೆ ಹೊರಟವನು ವಾಪಸ್ ಬರಲಿಲ್ಲ. ಉಪಗ್ರಹ ಅವನ ದಾರಿ ತೋರಿಸುತ್ತಿತ್ತು. ಸುಮಾರು ಒಂದು ತಿಂಗಳು ಯಾರೂ ಕೈಯಿಂದ ಮೀನು ಕೊಡಲಿಲ್ಲ. ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಈಜಿ ಅವನು ನಾರ್ವೆಯ ತೀರ ತಲುಪಿದ. ಪರೀಕ್ಷಿಸಿದಾಗ ಅವನೇನೂ ಬಡಕಲಾಗಿರಲಿಲ್ಲ. ದಾರಿಯಲ್ಲಿ ಎಲ್ಲೋ ಮೀನು ಹಿಡಿದು ತಿಂದಿರಲೇಬೇಕು ಅಂತ ಜೊತೆಯಲ್ಲಿದ್ದವರು ಲೆಕ್ಕ ಹಾಕಿದರು. ಇಡೀ ಕಥೆಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಡುವ ತಿಂಗಳು ಅದು. ದೋಣಿ ಇಲ್ಲ, ಸೀಟಿ ಇಲ್ಲ, ಪ್ರೇಕ್ಷಕರಿಲ್ಲ.

ಆದರೆ ನಾರ್ವೆಯ ಹಾಲ್ಸಾ ಎಂಬಲ್ಲಿ ಕಡಲ ಕವಲಿನೊಳಗೆ ಬಂದ ಕೂಡಲೇ ಅವನು ಹುಡುಕಿಕೊಂಡು ಹೋದದ್ದು ಮನುಷ್ಯರನ್ನು. ಮೀನು ಹಿಡಿಯುವ ದೋಣಿಯೊಂದರ ಹಿಂದೆ ಬಂದ. ಮಕ್ಕಳು ನೀರಿಗಿಳಿದು ಅವನ ಜೊತೆ ಈಜಿದರು, ಬೆನ್ನ ಮೇಲೆ ಹತ್ತಿದರು. ಕೊನೆಗೆ ಹತ್ತಿರ ಹೋಗಬಾರದು ಅಂತ ಅಧಿಕಾರಿಗಳು ತಡೆ ಹಾಕಬೇಕಾಯಿತು. ಜನಜಂಗುಳಿ ಕಡಿಮೆ ಇರುವ ಟಾಕ್ನೆಸ್ ಎಂಬ ಪಕ್ಕದ ಕೊಲ್ಲಿಗೆ ಅವನನ್ನು ಕರೆದುಕೊಂಡು ಹೋದರು. ಅಲ್ಲಿ ಬಲೆ ಇರಲಿಲ್ಲ. ಬೇಕಾದರೆ ಹೋಗಬಹುದಿತ್ತು. ಅವನು ಸುತ್ತಾಡಿ ಮತ್ತೆ ಬರುತ್ತಿದ್ದ, ನೋಡಿಕೊಳ್ಳುವವರು ಮೀನು ಕೊಡುತ್ತಿದ್ದರು. 2003ರ ಡಿಸೆಂಬರ್ 12ರಂದು ಅಲ್ಲೇ ತೀರಿಕೊಂಡ. ನ್ಯುಮೋನಿಯಾ ಅಂತ ಹೇಳಿದರು. ಸುಮಾರು 27 ವರ್ಷ ಆಗಿತ್ತು. ಅವನನ್ನು ದಡದಲ್ಲೇ ಮಣ್ಣು ಮಾಡಿದರು. ಊರಿನ ಮಕ್ಕಳು ಗುಂಡಿಯ ಮೇಲೆ ಕಲ್ಲು ಪೇರಿಸಿದರು.

ಇದು ಗೆದ್ದ ಪ್ರಯತ್ನವೋ ಸೋತ ಪ್ರಯತ್ನವೋ ಅಂತ ಇವತ್ತಿಗೂ ವಾದ ನಡೆಯುತ್ತದೆ. ಸೈಮನ್ ಮತ್ತು ಜೊತೆಗಾರರ ಪ್ರಬಂಧದ ತೀರ್ಮಾನ ನೇರವಾಗಿದೆ: ಅವನು ಕಾಡು ಓರ್ಕಾಗಳ ಜೊತೆ ಸೇರಲಿಲ್ಲ, ಮನುಷ್ಯರನ್ನು ಬಿಡಲಿಲ್ಲ, ಆದ್ದರಿಂದ ಬಿಡುಗಡೆ ಯಶಸ್ವಿ ಅಲ್ಲ. ಬಿಡಿಸಿದವರು ಹೇಳುವುದು, ಐದು ವರ್ಷ ಅವನು ನಿಜವಾದ ಕಡಲಿನಲ್ಲಿದ್ದ, ಬಯಸಿದಷ್ಟು ದೂರ ಈಜಿದ, ಅಷ್ಟು ಸಾಲದೇ? ಇನ್ನು ಕೆಲವರು ಒಂದೇ ಪ್ರಾಣಿಗೆ ಇಷ್ಟು ದುಡ್ಡು ಸುರಿಯುವ ಬದಲು ಕಾಡಿನಲ್ಲಿರುವ ಸಾವಿರ ಪ್ರಾಣಿಗಳನ್ನು ಉಳಿಸಬಹುದಿತ್ತು ಅನ್ನುತ್ತಾರೆ. ಆ ಮಾತು ನನಗೆ ಅಷ್ಟಾಗಿ ಒಪ್ಪಿಗೆಯಾಗುವುದಿಲ್ಲ. ಆ ದುಡ್ಡು ಬಂದದ್ದೇ ಕೇಕೊಗಾಗಿ. ಅವನಿಲ್ಲದಿದ್ದರೆ ಅದು ಬೇರೆ ತಿಮಿಂಗಿಲಕ್ಕೆ ಹೋಗುತ್ತಿರಲಿಲ್ಲ. ಪ್ರಬಂಧದ ತೀರ್ಮಾನ ಸರಿ, ಮತ್ತು ಅವನ ಬದುಕಿನ ಕೊನೆಯ ಐದು ವರ್ಷ ಮೆಕ್ಸಿಕೊದ ಹತ್ತು ವರ್ಷಕ್ಕಿಂತ ಸಾವಿರ ಪಾಲು ಮೇಲು ಅನ್ನುವುದೂ ಸರಿ. ಎರಡನ್ನೂ ಒಟ್ಟಿಗೆ ಹೇಳಬೇಕು.

ಆದರೆ ತಪ್ಪು ಎಲ್ಲಾಯಿತು ಅಂತ ಹುಡುಕುವವರು 1998ರ ನಂತರದ್ದನ್ನೇ ಕೆದಕುತ್ತಾರೆ. ತರಬೇತಿ ಸಾಲದು, ಹಣ ಸಾಲದು, ಜಾಗ ಸರಿಯಿಲ್ಲ ಅಂತ. ನನ್ನ ಪ್ರಕಾರ ಕೆಲಸ ಕೆಟ್ಟದ್ದು 1979ರಲ್ಲಿ, ಆ ಬಲೆಯಲ್ಲಿ. ಅದಕ್ಕೆ ಸಾಕ್ಷಿಯಾಗಿ ಇನ್ನೊಂದು ಓರ್ಕಾದ ಕಥೆ ಇದೆ.

ಸ್ಪ್ರಿಂಗರ್ ಮನೆಗೆ ಹೋದಳು

ಕೇಕೊ ನಾರ್ವೆ ಕಡೆ ಈಜಿದ ಅದೇ 2002ರಲ್ಲಿ, ಜನವರಿ ತಿಂಗಳು, ಅಮೆರಿಕದ ಸಿಯಾಟಲ್ ಹತ್ತಿರ ಒಂದು ಓರ್ಕಾ ಮರಿ ಒಂಟಿಯಾಗಿ ತಿರುಗುತ್ತಿರುವುದು ಕಾಣಿಸಿತು. ಎರಡು ವರ್ಷದ ಹೆಣ್ಣು ಮರಿ. ಸೊರಗಿತ್ತು, ಚರ್ಮ ಕೆಟ್ಟಿತ್ತು, ದೋಣಿಗಳ ಹತ್ತಿರ ಬಂದು ಮೈ ಉಜ್ಜುತ್ತಿತ್ತು. ಸಂಶೋಧಕರು ಅವಳ ಕೂಗು ಕೇಳಿದರು. ಇದು ಇಲ್ಲಿಯವಳಲ್ಲ, ಉತ್ತರದಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ ಕಡೆಯ ಬಳಗದವಳು ಅಂತ ಗುರುತಿಸಿದರು. ಫೋಟೊಗಳೂ ಇದ್ದವು. ಅವಳ ಹೆಸರು ಸ್ಪ್ರಿಂಗರ್, ಪಟ್ಟಿಯಲ್ಲಿ ಎ73. ತಾಯಿ ತೀರಿಕೊಂಡಿದ್ದಳು. ಆದರೆ ದೊಡ್ಡಮ್ಮ, ಚಿಕ್ಕಮ್ಮ ಅಂತ ನಾವು ಕರೆಯಬಹುದಾದ ನೆಂಟರೆಲ್ಲ ಇದ್ದರು. ಅವರು ಬೇಸಿಗೆಯಲ್ಲಿ ಯಾವ ನೀರಿಗೆ ಬರುತ್ತಾರೆ ಅನ್ನುವುದೂ ಗೊತ್ತಿತ್ತು.

ಜೂನ್ ತಿಂಗಳಲ್ಲಿ ಅವಳನ್ನು ಹಿಡಿದು ಕಡಲಿನಲ್ಲೇ ಬಲೆಯ ಆವರಣದಲ್ಲಿ ಇಟ್ಟರು. ಸುಮಾರು ಒಂದು ತಿಂಗಳು ಮಾತ್ರ. ಮೀನು ಕೊಡುತ್ತಿದ್ದವರು ಅವಳ ಕಣ್ಣಿಗೆ ಬೀಳದಂತೆ ನೋಡಿಕೊಂಡರು. ಮನುಷ್ಯ ಅಂದರೆ ಊಟ ಅಂತ ಅವಳ ತಲೆಯಲ್ಲಿ ಕೂರಬಾರದಲ್ಲ. ಜುಲೈನಲ್ಲಿ ಹಡಗಿನಲ್ಲಿ ಉತ್ತರಕ್ಕೆ ಸಾಗಿಸಿ, ಹ್ಯಾನ್ಸನ್ ದ್ವೀಪದ ಪಕ್ಕದ ಪುಟ್ಟ ಕೊಲ್ಲಿಯಲ್ಲಿ ಬಲೆಯೊಳಗೆ ಬಿಟ್ಟರು. ಆ ನೆಲದ ಮೂಲನಿವಾಸಿಗಳಾದ ನಮ್ಗಿಸ್ ಜನ ಅವಳಿಗಾಗಿ ಜೀವಂತ ಸಾಲ್ಮನ್ ಹಿಡಿದು ತಂದಿಟ್ಟಿದ್ದರು. ಮರುದಿನವೇ ಅವಳ ನೆಂಟರು ಕೊಲ್ಲಿಯ ಬಾಯಿಗೆ ಬಂದರು. ಕೂಗು ಕೇಳಿ ಅವಳು ಚಡಪಡಿಸಿದಳು. ಬಲೆ ತೆಗೆದರು.

ಮೊದಮೊದಲು ಅವಳೂ ದೋಣಿ ಕಂಡರೆ ಹತ್ತಿರ ಹೋಗುತ್ತಿದ್ದಳು. ಬಳಗದ ಒಂದು ಹರೆಯದ ಹೆಣ್ಣು ಅವಳನ್ನು ಜೊತೆಗಿಟ್ಟುಕೊಂಡು ದೋಣಿಗಳಿಂದ ದೂರ ಕರೆದೊಯ್ಯುವುದನ್ನು ನೋಡುತ್ತಿದ್ದವರು ಗಮನಿಸಿದರು. ಮನುಷ್ಯರು ಕೇಕೊಗೆ ವರ್ಷಗಟ್ಟಲೆ ಕಲಿಸಲು ಒದ್ದಾಡಿದ ಪಾಠವನ್ನು ಆ ಹೆಣ್ಣು ಒಂದು ಬೇಸಿಗೆಯಲ್ಲಿ ಕಲಿಸಿದಳು. 2013ರಲ್ಲಿ ಸ್ಪ್ರಿಂಗರ್ ತನ್ನದೇ ಮರಿಯ ಜೊತೆ ಕಾಣಿಸಿಕೊಂಡಳು. 2017ರಲ್ಲಿ ಇನ್ನೊಂದು ಮರಿ ಹಾಕಿದಳು.

ಮನುಷ್ಯರ ಕೈ ಸೇರಿದಾಗ ಸ್ಪ್ರಿಂಗರಿಗೂ ಎರಡು ವರ್ಷ, ಕೇಕೊಗೂ ಎರಡು ವರ್ಷ. ವ್ಯತ್ಯಾಸ ಇರುವುದು ಅವರನ್ನು ಎಷ್ಟು ಕಾಲ ಇಟ್ಟುಕೊಂಡರು, ವಾಪಸ್ ಹೋಗಲು ಒಂದು ಮನೆ ಇತ್ತೇ ಅನ್ನುವುದರಲ್ಲಿ. ಒಬ್ಬಳಿಗೆ ಆರು ತಿಂಗಳ ಒಂಟಿತನ, ಕಾಯುತ್ತಿದ್ದ ನೆಂಟರು. ಇನ್ನೊಬ್ಬನಿಗೆ ಇಪ್ಪತ್ತು ವರ್ಷ, ಯಾರೂ ಇಲ್ಲ.

ನಮ್ಮ ಕಡೆ

ಕರ್ನಾಟಕದಲ್ಲಿ ಇದೇ ಪ್ರಶ್ನೆ 2021ರಲ್ಲಿ ಕುಶ ಎಂಬ ಆನೆಯ ವಿಷಯದಲ್ಲಿ ಎದ್ದಿತ್ತು. ಕೊಡಗಿನಲ್ಲಿ ಹಿಡಿದು ದುಬಾರೆ ಶಿಬಿರದಲ್ಲಿ ಪಳಗಿಸಿದ್ದ ಕುಶ ಮದ ಬಂದಾಗ ಕಾಡಿಗೆ ಓಡಿಹೋಗಿ, ಕಾಡಾನೆಗಳ ಜೊತೆ ಬಹುಕಾಲ ಬದುಕಿದ್ದ. ಮತ್ತೆ ಹಿಡಿದು ಕ್ರಾಲ್ ಎಂಬ ಮರದ ದಿಮ್ಮಿಗಳ ದೊಡ್ಡಿಯಲ್ಲಿ ಕಟ್ಟಿಹಾಕಿದಾಗ ಜನ ದನಿ ಎತ್ತಿದರು. ಜೂನ್ ತಿಂಗಳಲ್ಲಿ ಕುತ್ತಿಗೆಗೆ ರೇಡಿಯೊ ಕಾಲರ್ ಹಾಕಿ ಬಂಡೀಪುರದ ಕಾಡಿಗೆ ಬಿಟ್ಟರು. ಕುಶನಿಗೆ ಕಾಡು ಕಲಿಸಬೇಕಾಗಿರಲಿಲ್ಲ. ಅವನು ಬೆಳೆದದ್ದೇ ಕಾಡಿನಲ್ಲಿ. ಯಾವ ಸೊಪ್ಪು ತಿನ್ನಬೇಕು, ಬೇಸಿಗೆಯಲ್ಲಿ ನೀರೆಲ್ಲಿ, ಹಿಂಡಿನ ಹತ್ತಿರ ಹೇಗೆ ಹೋಗಬೇಕು ಎಲ್ಲ ಗೊತ್ತಿತ್ತು. ಶಿಬಿರದ ಕೆಲವು ವರ್ಷ ಅದನ್ನು ಅಳಿಸಿರಲಿಲ್ಲ.

ಬನ್ನೇರುಘಟ್ಟದ ಪುನರ್ವಸತಿ ಕೇಂದ್ರದ ಕರಡಿಗಳದ್ದು ಕೇಕೊನ ಸ್ಥಿತಿ. ಮನೆ ಮುಂದೆ ಕರಡಿ ಕುಣಿಸುತ್ತಾ ಬರುತ್ತಿದ್ದವರು, ಅದರ ಕೂದಲನ್ನು ತಾಯತಕ್ಕೆ ಹಾಕಿಕೊಡುತ್ತಿದ್ದದ್ದು ಹಿಂದಿನ ತಲೆಮಾರಿನವರಿಗೆ ನೆನಪಿರಬಹುದು. ಆ ಕರಡಿಗಳನ್ನು ಮರಿಯಿದ್ದಾಗಲೇ ಕಾಡಿನಿಂದ ಕದ್ದು, ಮೂಗಿನಲ್ಲಿ ತೂತು ಕೊರೆದು ಹಗ್ಗ ಹಾಕಿ, ಹಲ್ಲು ಮುರಿದು ಪಳಗಿಸುತ್ತಿದ್ದರು. ಅವನ್ನು ಬಿಡಿಸಿ ತಂದ ಮೇಲೆ ಯಾಕೆ ಕಾಡಿಗೆ ಬಿಡುವುದಿಲ್ಲ ಅಂತ ಕೇಂದ್ರ ನೋಡಲು ಹೋದ ಮಕ್ಕಳು ಕೇಳುತ್ತಾರೆ. ಹಲ್ಲಿಲ್ಲದ, ಗೆದ್ದಲ ಹುತ್ತ ಅಗೆಯುವುದನ್ನು ಅಮ್ಮನಿಂದ ಕಲಿಯದ ಕರಡಿ ಕಾಡಿನಲ್ಲಿ ಹಸಿವಿನಿಂದ ಸಾಯುತ್ತದೆ, ಇಲ್ಲವೇ ಊರಿಗೆ ಬಂದು ಏಟು ತಿನ್ನುತ್ತದೆ. ಅವಕ್ಕೆ ಕೊಡಬಹುದಾದದ್ದು ಮಣ್ಣು, ಮರ, ನೆರಳು, ಹೊಟ್ಟೆ ತುಂಬ ಊಟ ಮತ್ತು ಮತ್ತೆ ಯಾರೂ ಹಗ್ಗ ಎಳೆಯುವುದಿಲ್ಲ ಅನ್ನುವ ಭರವಸೆ.

ಒಂದು ವಿಷಯದಲ್ಲಿ ನಮ್ಮ ದೇಶ ಬೇಗ ಎಚ್ಚೆತ್ತುಕೊಂಡಿತು. 2013ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಡಾಲ್ಫಿನ್, ಓರ್ಕಾಗಳ ಪ್ರದರ್ಶನ ಕೇಂದ್ರಗಳಿಗೆ ಅನುಮತಿ ಕೊಡಬಾರದು ಅಂತ ರಾಜ್ಯಗಳಿಗೆ ಸೂಚಿಸಿತು. ಮರಿ ಹಿಡಿದ ಮೇಲೆ ಬಿಡುಗಡೆಯ ದಾರಿ ಹುಡುಕುವ ಗೋಳು ಇಲ್ಲಿ ಶುರುವೇ ಆಗದಂತೆ ಆ ಒಂದು ಸುತ್ತೋಲೆ ನೋಡಿಕೊಂಡಿತು.

ಬೇರೆ ಕಡೆ ಬದಲಾವಣೆ ನಿಧಾನ. ಅಮೆರಿಕದಲ್ಲಿ ಸಾಗರ ಪಾರ್ಕುಗಳನ್ನು ನಡೆಸುವ ಸೀವರ್ಲ್ಡ್ ಕಂಪನಿ 2016ರಲ್ಲಿ ಓರ್ಕಾಗಳ ಸಂತಾನ ಬೆಳೆಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಕೆನಡಾ 2019ರಲ್ಲಿ ಕಾನೂನು ತಂದು ಹೊಸದಾಗಿ ತಿಮಿಂಗಿಲ, ಡಾಲ್ಫಿನ್ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. ಫ್ರಾನ್ಸ್ 2021ರ ಕಾನೂನಿನಲ್ಲಿ ಪ್ರದರ್ಶನಗಳಿಗೆ ಗಡುವು ಹಾಕಿತು. ಅದರ ಫಲವಾಗಿ ಆಂಟೀಬ್ ಎಂಬ ಊರಿನ ದೊಡ್ಡ ಸಾಗರ ಪಾರ್ಕು 2025ರ ಜನವರಿಯಲ್ಲಿ ಬಾಗಿಲು ಹಾಕಿತು. ಪ್ರೇಕ್ಷಕರು ಹೋದರು, ಎರಡು ಓರ್ಕಾಗಳು ಕೊಳದಲ್ಲಿ ಉಳಿದವು. ತಾಯಿ ವಿಕಿ, ಮಗ ಕೈಜೊ. ಇಬ್ಬರೂ ಕೊಳದಲ್ಲೇ ಹುಟ್ಟಿದವರು. ಅವರನ್ನು ಎಲ್ಲಿಗೆ ಕಳಿಸಬೇಕು ಅಂತ ಸರ್ಕಾರ, ಪಾರ್ಕು ಮತ್ತು ಪ್ರಾಣಿಪ್ರಿಯರ ನಡುವೆ ಜಗಳ ಶುರುವಾಯಿತು. ಇನ್ನೊಂದು ದೇಶದ ಪಾರ್ಕಿಗೋ, ಕಡಲ ದಡದಲ್ಲಿ ಬಲೆ ಕಟ್ಟಿದ ಆಶ್ರಯತಾಣಕ್ಕೋ?

ಇವರಿಗೆ ತೆರೆದ ಕಡಲು ಸಿಗಲಿ ಅಂತ ತಿಳಿದವರು ಯಾರೂ ಕೇಳುತ್ತಿಲ್ಲ. ಕೇಕೊನ ಅನುಭವದ ಮೇಲೆ ಕೇಳುವಂತೆಯೂ ಇಲ್ಲ. ಕೇಳುತ್ತಿರುವುದು ಅಲೆ ಬರುವ ನೀರು, ಆಳವಿರುವ ಜಾಗ, ಕೊನೆಯವರೆಗೆ ನೋಡಿಕೊಳ್ಳುವ ಜನ. ಕೇಕೊ ಇದ್ದ ಕ್ಲೆಟ್ಸ್‌ವಿಕ್ ಕೊಲ್ಲಿಯನ್ನೇ ಈಗ ಹಾಗೆ ಬಳಸುತ್ತಿದ್ದಾರೆ. 2019ರಲ್ಲಿ ಶಾಂಘೈನ ಒಂದು ಪಾರ್ಕಿನಿಂದ ಎರಡು ಬಿಳಿ ಬೆಲುಗಾ ತಿಮಿಂಗಿಲಗಳನ್ನು ಆ ದ್ವೀಪಕ್ಕೆ ತಂದರು. ಕೊಲ್ಲಿಯ ನೀರಿಗೆ ಹೊಂದಿಕೊಳ್ಳಲು ಅವು ವರ್ಷಗಟ್ಟಲೆ ತೆಗೆದುಕೊಳ್ಳುತ್ತಿವೆ. ಒಳಗಿನ ಕೊಳಕ್ಕೂ ಹೊರಗಿನ ಕೊಲ್ಲಿಗೂ ಓಡಾಡಿಸುತ್ತಾ, ಅವಸರ ಮಾಡದೆ ಅಭ್ಯಾಸ ಮಾಡಿಸುತ್ತಿದ್ದಾರೆ. ಬಲೆಯಾಚೆಗೆ ಬಿಡುತ್ತೇವೆ ಅಂತ ಈ ಸಲ ಯಾರೂ ಮಾತು ಕೊಟ್ಟಿಲ್ಲ.